ಕೂತು ಕೆಡುವ ಬ್ಯಾಟರಿ: ಟ್ರ್ಯಾಕ್ಟರ್, ಜೀಪು, ಬೈಕಿನ ಬ್ಯಾಟರಿಯನ್ನು ಮನೆಯಲ್ಲೇ ಚಾರ್ಜ್ ಮಾಡುವ ಕ್ರಮ

ಮಲೆನಾಡಿನಲ್ಲಿ ಬ್ಯಾಟರಿ ದುಡಿದು ಸಾಯುವುದಕ್ಕಿಂತ ಕೂತು ಸಾಯುವುದೇ ಹೆಚ್ಚು. ನಟ್ಟಿ ಮುಗಿದು ಶೆಡ್ ಸೇರಿದ ಟ್ರ್ಯಾಕ್ಟರ್ ಮತ್ತೆ ನೆನಪಾಗುವುದು ಅಡಿಕೆ ಕೊಯ್ಲಿನ ಹೊತ್ತಿಗೆ, ಇಲ್ಲವೇ ತೋಟಕ್ಕೆ ಗೊಬ್ಬರ ಹೊಡೆಯುವಾಗ. ಅಷ್ಟರಲ್ಲಿ ಕೀ ತಿರುಗಿಸಿದರೆ ಸೆಲ್ಫ್ ಕಟಕಟ ಎನ್ನುತ್ತದೆ, ದೀಪ ಮಂಕಾಗುತ್ತದೆ. ಕೂಡಲೇ ಅವಸರ ಶುರು. ಪಕ್ಕದ ಮನೆಯ ಪಿಕಪ್‌ನಿಂದ ವೈರ್ ಎಳೆಯುತ್ತೇವೆ, ಇಳಿಜಾರಿಗೆ ತಳ್ಳಿ ಗೇರ್ ಹಾಕುತ್ತೇವೆ, ಪೇಟೆಗೆ ಹೊತ್ತುಕೊಂಡು ಹೋಗಿ ಎರಡು ತಾಸಿನಲ್ಲಿ ಚಾರ್ಜ್ ಮಾಡಿಸಿ ತರುತ್ತೇವೆ. ಗಾಡಿ ಸ್ಟಾರ್ಟ್ ಆಗುತ್ತದೆ, ಬ್ಯಾಟರಿ ಮಾತ್ರ ತುಂಬಿರುವುದಿಲ್ಲ. ಅದು ತುಂಬಬೇಕಾದರೆ ಸಣ್ಣ ಕರೆಂಟಿನಲ್ಲಿ, ಗಾಳಿ ಆಡುವ ಜಾಗದಲ್ಲಿ, ಪೂರ್ತಿ ಒಂದು ಹಗಲು ಬೇಕು.

ಕೂತಾಗ ಒಳಗೆ ಆಗುವುದು ಇಷ್ಟು. ಚಾರ್ಜ್ ಇಳಿದ ಸೀಸದ ಬ್ಯಾಟರಿಯ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ತಡಮಾಡದೆ ಚಾರ್ಜಿಗೆ ಹಾಕಿದರೆ ಅದು ಕರಗಿ ಮತ್ತೆ ಆಸಿಡ್ ಆಗುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಗಟ್ಟಿ ಹರಳು ಕಟ್ಟುತ್ತದೆ, ಆಮೇಲೆ ಯಾವ ಚಾರ್ಜರ್ ಹಾಕಿದರೂ ಪೂರ್ತಿ ಕರಗದು. ಬಳಸದೆ ಇಟ್ಟ ಬ್ಯಾಟರಿಯಲ್ಲೂ ಚಾರ್ಜ್ ತನ್ನಷ್ಟಕ್ಕೆ ಇಳಿಯುತ್ತಲೇ ಇರುತ್ತದೆ. ಗಾಡಿಯ ಗಡಿಯಾರ, ಅಲಾರ್ಮ್, ಜಿಪಿಎಸ್‌ನಂಥವು ಇದ್ದರಂತೂ ಕೇಳುವುದೇ ಬೇಡ.

ಮೊದಲು ಬ್ಯಾಟರಿಯ ಮೈಮೇಲೆ ಏನು ಬರೆದಿದೆ ನೋಡಿ

ಎರಡು ಸಂಗತಿ ಗೊತ್ತಾಗಬೇಕು. ಒಂದು ವೋಲ್ಟ್. ನಮ್ಮ ಟ್ರ್ಯಾಕ್ಟರ್, ಕಾರು, ಜೀಪು, ಬೈಕ್ ಎಲ್ಲವೂ ಸಾಮಾನ್ಯವಾಗಿ 12 ವೋಲ್ಟಿನವು. ದೊಡ್ಡ ಲಾರಿಗಳಲ್ಲಿ ಎರಡು ಬ್ಯಾಟರಿ ಸೇರಿಸಿ 24 ಮಾಡಿರುತ್ತಾರೆ. ಇನ್ನೊಂದು ಎಎಚ್ (ಆಂಪಿಯರ್-ಅವರ್), ಅಂದರೆ ಬ್ಯಾಟರಿ ಎಷ್ಟು ಹಿಡಿಯುತ್ತದೆ ಎಂಬ ಅಳತೆ. ಟ್ರ್ಯಾಕ್ಟರಿಗೆ 75, 88, 100 ಎಎಚ್ ಆಸುಪಾಸಿನವು ಬರುತ್ತವೆ. ಸಣ್ಣ ಕಾರಿಗೆ 35, ಡೀಸೆಲ್ ಗಾಡಿಗೆ 60ರ ಮೇಲೆ, ಬೈಕು ಸ್ಕೂಟರಿಗೆ 3ರಿಂದ 9. ಕೆಲವು ಕಾರು ಬ್ಯಾಟರಿಗಳ ಮೇಲೆ ಬರೀ ಮಾಡೆಲ್ ನಂಬರ್ ಇರುತ್ತದೆ, ಆಗ ಗಾಡಿಯ ಪುಸ್ತಕ ತೆಗೆಯಿರಿ.

ಮೇಲೆ ಆರು ಮುಚ್ಚಳ ಇದ್ದರೆ ಅದು ನೀರು ಹಾಕುವ ಬ್ಯಾಟರಿ. ಮುಚ್ಚಳವೇ ಇಲ್ಲದಿದ್ದರೆ ಮೆಂಟೆನೆನ್ಸ್ ಫ್ರೀ. ಇದನ್ನು ಸ್ಕ್ರೂಡ್ರೈವರ್‌ನಿಂದ ಮೀಟಿ ತೆಗೆಯಲು ಹೋಗಬೇಡಿ.

ಇನ್ನು ವೋಲ್ಟ್ ಅಳೆಯುವ ಮಲ್ಟಿಮೀಟರ್. ಕೆಲವೇ ನೂರು ರೂಪಾಯಿಗೆ ಸಿಗುವ ಈ ಸಾಮಾನು ಅಡಿಕೆ ಬೆಳೆಗಾರರ ಪ್ರತಿ ಮನೆಯಲ್ಲೂ ಇರಬೇಕು ಎನ್ನುವವನು ನಾನು. ಗಾಡಿ ಓಡಿಸಿ ನಿಲ್ಲಿಸಿದ ಕೂಡಲೇ ಅಳೆದರೆ ಸುಳ್ಳು ಲೆಕ್ಕ ಬರುತ್ತದೆ, ನಾಲ್ಕೈದು ತಾಸು ಬಿಟ್ಟು ಅಳೆಯಿರಿ. 12.6 ಅಥವಾ ಅದಕ್ಕಿಂತ ಮೇಲಿದ್ದರೆ ತುಂಬಿದೆ. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ, 12 ಅಂದರೆ ಕಾಲು ಭಾಗ. 11.8ಕ್ಕೆ ಬಂದಿದ್ದರೆ ಖಾಲಿ. ಅರ್ಧಕ್ಕೂ ಖಾಲಿಗೂ ನಡುವೆ ಅರ್ಧ ವೋಲ್ಟಿನ ಅಂತರವೂ ಇಲ್ಲ. ಹಾಗಾಗಿ 'ಹನ್ನೆರಡು ತೋರಿಸ್ತಿದೆ, ಸರಿ ಇದೆ' ಎನ್ನುವ ಮಾತನ್ನು ನಂಬಬೇಡಿ. ರಾತ್ರಿಯಿಡೀ ಚಾರ್ಜ್ ಮಾಡಿದರೂ 10.5ರ ಹತ್ತಿರವೇ ನಿಂತಿದೆಯೆಂದರೆ ಬ್ಯಾಟರಿಯೊಳಗಿನ ಆರು ಸೆಲ್‌ಗಳಲ್ಲಿ (ಕೋಣೆಗಳಲ್ಲಿ) ಒಂದು ಸತ್ತಿದೆ. ಪ್ರತಿ ಸೆಲ್ಲಿನದು ಸುಮಾರು 2.1 ವೋಲ್ಟ್, ಒಂದು ಹೋದರೆ ಉಳಿಯುವುದೇ ಅಷ್ಟು. ಅದಕ್ಕೆ ಚಾರ್ಜರ್ ಮದ್ದಲ್ಲ.

ಯಾವ ಚಾರ್ಜರ್, ಎಷ್ಟು ಕರೆಂಟ್

ಲೆಕ್ಕ ಸುಲಭ: ಎಎಚ್‌ನ ಹತ್ತನೇ ಒಂದು ಭಾಗ. 88 ಎಎಚ್ ಬ್ಯಾಟರಿಗೆ 8 ಆಂಪಿಯರ್, 35ಕ್ಕೆ ಮೂರೂವರೆ, 5 ಎಎಚ್ ಬೈಕ್ ಬ್ಯಾಟರಿಗೆ ಅರ್ಧ ಆಂಪಿಯರ್. ಇದಕ್ಕಿಂತ ಕಡಿಮೆಯಾದರೆ ತಡವಾಗುತ್ತದೆ ಅಷ್ಟೆ, ಕೆಡುಕಿಲ್ಲ. ಜಾಸ್ತಿಯಾದರೆ ಬ್ಯಾಟರಿ ಕಾಯುತ್ತದೆ, ನೀರು ಆವಿಯಾಗುತ್ತದೆ, ಪ್ಲೇಟಿನ ಮದ್ದು ಉದುರುತ್ತದೆ. ಟ್ರ್ಯಾಕ್ಟರಿನ 10 ಆಂಪಿಯರ್ ಚಾರ್ಜರನ್ನು 'ಐದೇ ನಿಮಿಷ' ಎಂದು ಬೈಕಿನ ಬ್ಯಾಟರಿಗೆ ಹಚ್ಚುವುದುಂಟು. ಆ ಐದು ನಿಮಿಷ ಅರ್ಧ ತಾಸಾದರೆ ಬ್ಯಾಟರಿಯ ಹೊಟ್ಟೆ ಉಬ್ಬುತ್ತದೆ.

ಹೊತ್ತಿನ ಲೆಕ್ಕವೂ ಹೀಗೆಯೇ. 88 ಎಎಚ್ ಬ್ಯಾಟರಿ ಅರ್ಧ ಇಳಿದಿದ್ದರೆ 44 ಎಎಚ್ ತುಂಬಬೇಕು. 8 ಆಂಪಿಯರಿನಲ್ಲಿ ಐದೂವರೆ ತಾಸು. ದಾರಿಯಲ್ಲಿ ಒಂದಿಷ್ಟು ಶಾಖವಾಗಿ ಹೋಗುತ್ತದೆ, ಕೊನೆಯ ಭಾಗ ನಿಧಾನ ತುಂಬುತ್ತದೆ, ಒಟ್ಟು ಏಳೆಂಟು ತಾಸು ಹಿಡಿಯಿರಿ. ಪೂರ್ತಿ ಖಾಲಿಯಾಗಿದ್ದರೆ ಅದರ ದುಪ್ಪಟ್ಟು.

ಚಾರ್ಜರ್‌ಗಳಲ್ಲಿ ಎರಡು ಜಾತಿ. ಒಂದು, ಕಬ್ಬಿಣದ ಡಬ್ಬಿಯೊಳಗೆ ಟ್ರಾನ್ಸ್‌ಫಾರ್ಮರ್ ಇರುವ, ಮುಳ್ಳಿನ ಮೀಟರಿನ ಹಳೇ ಜಾತಿ. ಇನ್ನೊಂದು, ಬ್ಯಾಟರಿ ತುಂಬಿದ ಮೇಲೆ ತಾನೇ ಕರೆಂಟ್ ಇಳಿಸಿಕೊಳ್ಳುವ ಆಟೋಮ್ಯಾಟಿಕ್. ಹೊಸದಾಗಿ ಕೊಳ್ಳುವವರು ಯೋಚಿಸದೆ ಎರಡನೆಯದನ್ನೇ ತನ್ನಿ. ಇದಕ್ಕೆ ನಮ್ಮ ಊರಿನ ಕರೆಂಟೇ ಕಾರಣ. ಹಳೇ ಚಾರ್ಜರಿಗೆ ಸ್ವಂತ ಬುದ್ಧಿ ಇಲ್ಲ, ಲೈನಿನಲ್ಲಿ ಎಷ್ಟು ವೋಲ್ಟೇಜ್ ಬರುತ್ತದೋ ಅದಕ್ಕೆ ತಕ್ಕಂತೆ ಹೊರಗೆ ಕೊಡುತ್ತದೆ. ಸಂಜೆ ಎಲ್ಲ ಮನೆಯ ದೀಪ, ಟಿವಿ, ಮಿಕ್ಸಿ ಹಚ್ಚಿ ವೋಲ್ಟೇಜ್ 180ಕ್ಕೆ ಕುಸಿದಾಗ ಮುಳ್ಳು ಸೊನ್ನೆಯ ಹತ್ತಿರ ಮಲಗುತ್ತದೆ. 'ತಗೊಳ್ತಾ ಇಲ್ವಲ್ಲ' ಎಂದು ನಾವು ನಾಬನ್ನು ಒಂದು ಮೆಟ್ಟಿಲು ಮೇಲೇರಿಸಿ ಉಣ್ಣಲು ಹೋಗುತ್ತೇವೆ. ರಾತ್ರಿ ಹನ್ನೊಂದರ ಮೇಲೆ ಊರು ಮಲಗಿ ಲೋಡ್ ಇಳಿದು ವೋಲ್ಟೇಜ್ 240 ದಾಟುತ್ತದೆ. ಈಗ ಅದೇ ಚಾರ್ಜರ್ ಮೂರು ನಾಲ್ಕು ಪಟ್ಟು ಕರೆಂಟನ್ನು ತಳ್ಳುತ್ತಿರುತ್ತದೆ, ನೋಡಲು ಯಾರೂ ಎದ್ದಿರುವುದಿಲ್ಲ. ಬೆಳಿಗ್ಗೆ ಬ್ಯಾಟರಿ ಮೇಲೆಲ್ಲ ಆಸಿಡ್ ಹನಿ, ಮುಟ್ಟಿದರೆ ಬಿಸಿ. ಹಾಗಾಗಿ ಹಳೇ ಚಾರ್ಜರ್ ಇರುವವರು ಬೆಳಿಗ್ಗೆ ಹಚ್ಚಿ ಸಂಜೆಯೊಳಗೆ ತೆಗೆಯಿರಿ, ರಾತ್ರಿ ಬಿಡಲೇಬೇಡಿ.

ಆಟೋಮ್ಯಾಟಿಕ್ ಕೊಳ್ಳುವಾಗ ಒಂದು ಪ್ರಶ್ನೆ ಕೇಳಿ: ಕರೆಂಟ್ ಹೋಗಿ ಬಂದರೆ ತಾನೇ ಮತ್ತೆ ಶುರು ಮಾಡುತ್ತದೆಯೇ, ಬಟನ್ ಒತ್ತಬೇಕೇ? ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ಕರೆಂಟ್ ಹೋಗುವ ನಮಗೆ ಈ ಪ್ರಶ್ನೆ ದೊಡ್ಡದು. ತೀರಾ ಇಳಿದ ಬ್ಯಾಟರಿಯನ್ನು ಕೆಲವು ಆಟೋಮ್ಯಾಟಿಕ್‌ಗಳು ಬ್ಯಾಟರಿ ಎಂದೇ ಗುರುತಿಸುವುದಿಲ್ಲ. ಆಗ ಜುಗಾಡ್ ಬೇಡ, ಅಂಗಡಿಗೆ ಒಯ್ಯಿರಿ.

ಮನೆಯ ಇನ್ವರ್ಟರಿಗೆ ಟ್ರ್ಯಾಕ್ಟರ್ ಬ್ಯಾಟರಿ ಸಿಕ್ಕಿಸಿ ಚಾರ್ಜ್ ಮಾಡುವ ಉಪಾಯ ಹಲವರಿಗೆ ಗೊತ್ತು. ಕರೆಂಟ್ ಇರುವತನಕ ಅದು ತುಂಬುತ್ತದೆ ನಿಜ. ಹೋದ ಕೂಡಲೇ ಮನೆಯ ಫ್ಯಾನು ದೀಪಗಳೆಲ್ಲ ಆ ಬ್ಯಾಟರಿಯಿಂದಲೇ ಎಳೆಯುತ್ತವೆ. ಸೆಲ್ಫ್ ಹೊಡೆಯಲೆಂದೇ ಮಾಡಿದ ತೆಳು ಪ್ಲೇಟಿನ ಬ್ಯಾಟರಿಗೆ ಹಾಗೆ ಪೂರ್ತಿ ಹೀರಿಸಿಕೊಳ್ಳುವುದು ಆಗಿಬರುವುದಿಲ್ಲ.

ಜಾಗ: ಬಚ್ಚಲ ಒಲೆಯಿಂದ ದೂರ

ಚಾರ್ಜ್ ಆಗುವಾಗ, ಅದರಲ್ಲೂ ಕೊನೆಯ ಹಂತದಲ್ಲಿ, ಬ್ಯಾಟರಿಯ ನೀರು ಒಡೆದು ಹೈಡ್ರೋಜನ್ ಮತ್ತು ಆಕ್ಸಿಜನ್ ಬರುತ್ತವೆ. ಗಾಳಿಯಲ್ಲಿ ಹೈಡ್ರೋಜನ್ ನೂರಕ್ಕೆ 4 ಭಾಗ ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಹಗುರವಾದ್ದರಿಂದ ಮೇಲೇರಿ ಮಾಡಿನ ಕೆಳಗೆ, ಅಟ್ಟದ ಮೂಲೆಯಲ್ಲಿ ನಿಲ್ಲುತ್ತದೆ. ಬ್ಯಾಟರಿ ಸಿಡಿಯಿತು ಎಂದು ಕೇಳುತ್ತೇವಲ್ಲ, ಹೆಚ್ಚಿನ ಸಲ ಸಿಡಿಯುವುದು ಈ ಗ್ಯಾಸು. ಅದರ ಜೊತೆ ಆಸಿಡ್ ಮುಖಕ್ಕೆ ಹಾರುತ್ತದೆ.

ಆದ್ದರಿಂದ ಹಂಡೆ ಒಲೆ ಉರಿಯುವ ಬಚ್ಚಲು ಮನೆ, ಗೋಬರ್ ಗ್ಯಾಸ್ ಒಲೆ ಇರುವ ಅಡುಗೆ ಮನೆ, ಅಡಿಕೆ ಬೇಯಿಸುವ ಒಲೆಯ ಪಕ್ಕ, ದೇವರ ದೀಪದ ಹತ್ತಿರ ಬೇಡವೇ ಬೇಡ. ಹುಲ್ಲು ಒಟ್ಟಿದ ಕೊಟ್ಟಿಗೆ ಅಟ್ಟದ ಕೆಳಗೂ ಬೇಡ. ಎರಡು ಕಡೆ ತೆರೆದ ಶೆಡ್, ಅಥವಾ ಇರಚಲು ಹೊಡೆಯದ ಜಗಲಿಯ ತುದಿ ಒಳ್ಳೆಯದು. ಮಳೆಯ ಇರಚಲಿಗೆ ಚಾರ್ಜರ್ ಸಿಗಬಾರದು. ಚಾರ್ಜರನ್ನು ಬ್ಯಾಟರಿಯ ಮೇಲೆ ಇಡಬೇಡಿ, ಕೇಬಲ್ ಎಷ್ಟು ಉದ್ದವಿದೆಯೋ ಅಷ್ಟು ದೂರ ಇಡಿ. ಮಕ್ಕಳು, ನಾಯಿ, ಕರು ಸುಳಿಯದ ಜಾಗವಾಗಲಿ.

ಬ್ಯಾಟರಿಯನ್ನು ನೆಲಕ್ಕಿಟ್ಟರೆ ಚಾರ್ಜ್ ಇಳಿಯುತ್ತದೆ, ಕೆಳಗೆ ಹಲಗೆ ಹಾಕಬೇಕು ಎಂದು ಹಿರಿಯರು ಹೇಳುವುದುಂಟು. ಈಗಿನ ಪ್ಲಾಸ್ಟಿಕ್ ಡಬ್ಬಿಯ ಬ್ಯಾಟರಿಗೆ ಆ ಭಯವಿಲ್ಲ. ಹಲಗೆ ಮಾತ್ರ ಇರಲಿ, ಒಂದು ಹನಿ ಆಸಿಡ್ ಬಿದ್ದರೂ ಸಿಮೆಂಟ್ ನೆಲವನ್ನು ತಿಂದುಬಿಡುತ್ತದೆ.

ಪ್ಲಗ್ ಪಾಯಿಂಟಿಗೆ ಅರ್ಥಿಂಗ್ ಸರಿ ಇರಬೇಕು, ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿಗೆ ಇಳಿಸಬೇಡಿ. ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇದ್ದರೆ ಒದ್ದೆ ನೆಲದ ಮೇಲೆ ನಿಂತವರ ಜೀವ ಉಳಿಯುತ್ತದೆ. ಪಂಪ್‌ಸೆಟ್ಟಿನ ತ್ರೀ ಫೇಸ್ ಬೋರ್ಡಿನಿಂದ ವೈರ್ ಕೊಕ್ಕೆ ಹಾಕಿ ತೆಗೆದುಕೊಳ್ಳುವ ಕೆಲಸ ಬೇಡ, ಕೈ ತಪ್ಪಿ ಎರಡು ಫೇಸ್ ಸಿಕ್ಕರೆ 400 ವೋಲ್ಟ್ ಬರುತ್ತದೆ. ಏಪ್ರಿಲ್ ಮೇ ತಿಂಗಳ ಗುಡುಗು ಮಳೆ ಹತ್ತಿರ ಬಂದರೆ ಪ್ಲಗ್ ಕಿತ್ತಿಡಿ.

ಬಿಚ್ಚುವುದು: ಮೈನಸ್ ಮೊದಲು

ಕೈಯ ಉಂಗುರ, ಕಡಗ, ವಾಚು ತೆಗೆದಿಡಿ. ಅಂಗಿ ಬಿಚ್ಚಿ ಕೆಲಸ ಮಾಡುವವರ ಬೆಳ್ಳಿ ಉಡಿದಾರವೂ ಬಗ್ಗಿದಾಗ ಟರ್ಮಿನಲ್ಲಿಗೆ ತಾಗಬಹುದು. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ ನಿಜ, ಆದರೆ ಲೋಹ ಅಡ್ಡ ಬಿದ್ದರೆ ನೂರಾರು ಆಂಪಿಯರ್ ಹರಿದು ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್, ಹಳೇ ಬಟ್ಟೆ. ಹತ್ತಿ ಬಟ್ಟೆಗೆ ಆಸಿಡ್ ಬಿದ್ದದ್ದು ಆಗ ಕಾಣುವುದಿಲ್ಲ, ಒಗೆದ ಮೇಲೆ ತೂತು ಕಾಣುತ್ತದೆ.

ಕೀ ತೆಗೆದು, ಮೊದಲು ಮೈನಸ್ ಕ್ಲ್ಯಾಂಪ್ ಬಿಚ್ಚಿ. ಗಾಡಿಯ ಬಾಡಿಯೆಲ್ಲ ಮೈನಸ್ಸೇ. ಮೈನಸ್ ಇನ್ನೂ ಕೂತಿರುವಾಗ ಪ್ಲಸ್ ಬಿಚ್ಚಲು ಹೋದರೆ ಸ್ಪ್ಯಾನರಿನ ಇನ್ನೊಂದು ತುದಿ ಬಾನೆಟ್ಟಿಗೋ ಚಾಸಿಗೋ ತಗುಲಿ ಶಾರ್ಟ್ ಆಗುತ್ತದೆ. ಮೈನಸ್ ಮೊದಲು ಬಿಟ್ಟರೆ ಆಮೇಲೆ ಪ್ಲಸ್ ಬಿಚ್ಚುವಾಗ ಎಲ್ಲಿ ತಗುಲಿದರೂ ಏನೂ ಆಗದು. ಮರಳಿ ಕೂರಿಸುವಾಗ ಇದರ ತಿರುವುಮುರುವು: ಪ್ಲಸ್ ಮೊದಲು, ಮೈನಸ್ ಕೊನೆಗೆ. ಕ್ಲ್ಯಾಂಪ್ ಅಂಟಿಕೊಂಡಿದ್ದರೆ ಸುತ್ತಿಗೆಯಲ್ಲಿ ಬಡಿಯಬೇಡಿ, ಒಳಗಿನ ಜೋಡಣೆ ಸಡಿಲವಾಗುತ್ತದೆ.

ಟರ್ಮಿನಲ್ ಮೇಲೆ ಬಿಳಿ, ನೀಲಿ ಹಿಟ್ಟು ಕಟ್ಟಿರುವುದು ನಮ್ಮ ತೇವದ ಹವೆಯಲ್ಲಿ ಮಾಮೂಲು. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಬುಸ್ ಎಂದು ನೊರೆ ಬರುತ್ತದೆ. ನೊರೆ ನಿಂತ ಮೇಲೆ ಒರೆಸಿ. ಆ ಸೋಡಾ ನೀರು ಮುಚ್ಚಳದ ಸಂದಿನಿಂದ ಒಳಗೆ ಮಾತ್ರ ಇಳಿಯಬಾರದು. ಎಷ್ಟೋ ಸಲ 'ಬ್ಯಾಟರಿ ಹೋಯ್ತು' ಎಂದವರ ಗಾಡಿ ಈ ಹಿಟ್ಟು ತೆಗೆದ ಕೂಡಲೇ ಸ್ಟಾರ್ಟ್ ಆಗಿದ್ದುಂಟು.

ನೀರು: ಆಸಿಡ್ ಅಲ್ಲ, ಬಾವಿ ನೀರೂ ಅಲ್ಲ

ಮುಚ್ಚಳ ತೆಗೆದು ನೋಡಿ. ಬೆಳಕಿಗೆ ಟಾರ್ಚ್ ಹಿಡಿಯಿರಿ, ಬೆಂಕಿಕಡ್ಡಿ ಗೀರಬೇಡಿ. ಪ್ಲೇಟು ನೀರಿನಿಂದ ಮೇಲೆ ಕಾಣುತ್ತಿದ್ದರೆ ಅದು ಮುಳುಗುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಿ. ಮೇಲಿನ ಗೆರೆಯವರೆಗೆ ತುಂಬಿಸುವುದು ಚಾರ್ಜ್ ಆದ ಮೇಲೆ. ಚಾರ್ಜ್ ಆಗುವಾಗ ಒಳಗಿನ ದ್ರಾವಣ ಉಬ್ಬುತ್ತದೆ, ಮೊದಲೇ ತುಂಬಿಸಿದ್ದರೆ ಹೊರಗೆ ಉಕ್ಕುತ್ತದೆ.

ಆವಿಯಾಗಿ ಹೋಗಿದ್ದು ನೀರು, ಆಸಿಡ್ ಅಲ್ಲೇ ಇದೆ. ಶಕ್ತಿ ಬರಲಿ ಎಂದು ಮೇಲೆ ಮತ್ತೆ ಆಸಿಡ್ ಸುರಿದರೆ ಪ್ಲೇಟು ಬೇಗ ತಿಂದುಹೋಗುತ್ತದೆ. ನಮ್ಮ ಬಾವಿ ನೀರು, ಅಬ್ಬಿ ನೀರು ಎಷ್ಟು ತಿಳಿಯಾಗಿದ್ದರೂ ಅದರಲ್ಲಿ ಕಬ್ಬಿಣ, ಲವಣ ಕರಗಿರುತ್ತವೆ. ಫಿಲ್ಟರ್ ನೀರೂ ಸಾಲದು. ಡಿಸ್ಟಿಲ್ಡ್ ವಾಟರ್ ಕ್ಯಾನಿಗೆ ಆಗುವ ಖರ್ಚು ಒಂದು ಕಾಫಿ ತಿಂಡಿಯದು.

ಮುಚ್ಚಳಗಳಲ್ಲಿ ಗ್ಯಾಸ್ ಹೋಗುವ ಸಣ್ಣ ತೂತು ಇರುತ್ತದೆ. ಶೆಡ್ಡಿನಲ್ಲಿ ಬಿಟ್ಟ ಗಾಡಿಯಲ್ಲಿ ಅದು ಧೂಳು, ಗ್ರೀಸಿನಿಂದ, ಒಮ್ಮೊಮ್ಮೆ ಕಡಜದ ಮಣ್ಣಿನಿಂದಲೂ ಮುಚ್ಚಿರುತ್ತದೆ. ಬಿಡಿಸಿ, ಮುಚ್ಚಳ ಮತ್ತೆ ಕೂರಿಸಿ. ಚಾರ್ಜ್ ಮಾಡುವಾಗ ಮುಚ್ಚಳ ತೆಗೆದಿಡಿ ಎಂದು ಬ್ಯಾಟರಿಯ ಮೇಲೆ ಬರೆದಿದ್ದರೆ ಮಾತ್ರ ತೆಗೆದಿಡಿ.

ಹಚ್ಚುವುದು, ಕಾಯುವುದು, ತೆಗೆಯುವುದು

ಚಾರ್ಜರ್ ಸ್ವಿಚ್ ಆಫ್ ಇರಲಿ. ಕೆಂಪು ಕ್ಲಿಪ್ ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. ವೈರಿನ ಬಣ್ಣ ನಂಬಬೇಡಿ, ಬ್ಯಾಟರಿಯ ಮೇಲೆ ಕೊರೆದ ಗುರುತನ್ನೇ ನೋಡಿ. ಯಾರೋ ರಿಪೇರಿ ಮಾಡುವಾಗ ಎರಡಕ್ಕೂ ಕಪ್ಪು ವೈರ್ ಹಾಕಿರುತ್ತಾರೆ. ಕ್ಲಿಪ್ ಗಟ್ಟಿಯಾಗಿ ಕಚ್ಚಿದೆಯೇ ಎಂದು ಒಮ್ಮೆ ಅಲ್ಲಾಡಿಸಿ ನೋಡಿ. ಎಲ್ಲ ಆದ ಮೇಲೆ ಪ್ಲಗ್ ಹಾಕಿ, ಸ್ವಿಚ್ ಒತ್ತಿ. ತೆಗೆಯುವಾಗ ಮೊದಲು ಸ್ವಿಚ್ ಆಫ್, ಪ್ಲಗ್ ಕೀಳುವುದು, ಆಮೇಲೆ ಕ್ಲಿಪ್. ಕರೆಂಟ್ ಹರಿಯುತ್ತಿರುವಾಗ ಕ್ಲಿಪ್ ಎಳೆದರೆ ಕಿಡಿ ಹಾರುವುದು ಸರಿಯಾಗಿ ಗ್ಯಾಸ್ ಇರುವ ಜಾಗದಲ್ಲೇ.

ಮೊದಲ ಅರ್ಧ ತಾಸು ಪಕ್ಕದಲ್ಲಿರಿ. ಆಮೇಲೆ ತಾಸಿಗೊಮ್ಮೆ ಬಂದು ಬ್ಯಾಟರಿಯ ಬದಿಗೆ ಅಂಗೈ ಇಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿ ಎಂದರೆ 50 ಡಿಗ್ರಿಯ ಹತ್ತಿರ ಹೋಗಿದೆ, ನಿಲ್ಲಿಸಿ ತಣಿಸಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅತಿಯಾಗಿ ಚಾರ್ಜ್ ಆಗಿದೆ ಇಲ್ಲವೇ ಸೆಲ್ ಕೆಟ್ಟಿದೆ. ಆ ಗ್ಯಾಸು ವಿಷ. ಮೇನ್ ಸ್ವಿಚ್‌ನಿಂದಲೇ ಆಫ್ ಮಾಡಿ ದೂರ ಹೋಗಿ, ಗಾಳಿ ಆಡಲು ಬಿಡಿ.

ಆಟೋಮ್ಯಾಟಿಕ್ ಆದರೆ 14.4 ವೋಲ್ಟಿನವರೆಗೆ ಏರಿಸಿ, ಕರೆಂಟ್ ಇಳಿಸಿ, 13.6ರ ಹತ್ತಿರ ಹಿಡಿದುಕೊಂಡು ಹಸಿರು ದೀಪ ತೋರಿಸುತ್ತದೆ. ಹಳೇ ಚಾರ್ಜರಿನಲ್ಲಿ ನಾವೇ ತೀರ್ಮಾನಿಸಬೇಕು. ಆರೂ ಸೆಲ್ಲಿನಲ್ಲಿ ಒಂದೇ ಸಮ ಗುಳ್ಳೆ ಏಳುತ್ತಿದ್ದರೆ ತುಂಬುತ್ತ ಬಂದಿದೆ. ಹೈಡ್ರೋಮೀಟರ್ (ಆಸಿಡ್ ಎಷ್ಟು ಗಾಢವಾಗಿದೆ ಎಂದು ಅಳೆಯುವ ಗಾಜಿನ ಕೊಳವೆ) ಇದ್ದರೆ ಪ್ರತಿ ಸೆಲ್ಲಿನ ನೀರು ಹೀರಿ ನೋಡಿ. 1.250ರಿಂದ 1.280ರ ನಡುವೆ ಬಂದು, ತಾಸಿಗೊಂದರಂತೆ ಮೂರು ಸಲ ನೋಡಿದರೂ ಏರದಿದ್ದರೆ ಆಯಿತು. ಐದು ಸೆಲ್ 1.260 ತೋರಿಸಿ ಒಂದೇ ಒಂದು 1.150ರಲ್ಲಿ ಕೂತಿದ್ದರೆ ಆ ಬ್ಯಾಟರಿಯ ಋಣ ತೀರಿತು. ಈ ಗಾಜಿನ ಕೊಳವೆ ಹೇಳುವ ಸತ್ಯವನ್ನು ಮಲ್ಟಿಮೀಟರ್ ಹೇಳದು.

ತುಂಬಿದ ಬ್ಯಾಟರಿಯನ್ನು ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಅಳೆಯಿರಿ. 12.6 ಉಳಿದಿದ್ದರೆ ಗಾಡಿಗೆ ಕೂರಿಸಿ. ಟರ್ಮಿನಲ್ಲಿಗೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ. ಒಬ್ಬರು ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಮೀಟರ್ ಹಿಡಿಯಲಿ: 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ. ಸ್ಟಾರ್ಟ್ ಆದ ಮೇಲೆ ಸ್ವಲ್ಪ ರೇಸ್ ಕೊಟ್ಟಾಗ 13.8ರಿಂದ 14.5ರ ಒಳಗೆ ತೋರಿಸಬೇಕು. ಆಗಲೂ 12.5ರಲ್ಲೇ ಇದ್ದರೆ ತಪ್ಪು ಬ್ಯಾಟರಿಯದ್ದಲ್ಲ, ಡೈನಮೋ ಕಡೆ ನೋಡಿಸಿ.

ಅವಸರಕ್ಕೆ ಜಂಪರ್ ಕೇಬಲ್

ಒಂದು ಗಾಡಿಯ ಬ್ಯಾಟರಿಯಿಂದ ಇನ್ನೊಂದನ್ನು ಸ್ಟಾರ್ಟ್ ಮಾಡಿಸುವ ದಪ್ಪ ವೈರು ಇದು. ಎರಡೂ ಗಾಡಿ 12 ವೋಲ್ಟಿನವೇ ಆಗಿರಬೇಕು, ಒಂದಕ್ಕೊಂದು ತಾಗಿರಬಾರದು. ಸತ್ತ ಬ್ಯಾಟರಿಯ ಪ್ಲಸ್ಸಿಗೆ ಕೆಂಪು, ಅದರ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್ಸಿಗೆ. ಕಪ್ಪು ಮೊದಲು ಒಳ್ಳೆಯ ಬ್ಯಾಟರಿಯ ಮೈನಸ್ಸಿಗೆ, ಕೊನೆಯ ತುದಿ ಸತ್ತ ಗಾಡಿಯ ಎಂಜಿನ್ನಿನ ಬಣ್ಣವಿಲ್ಲದ ಬೋಲ್ಟಿಗೆ, ಬ್ಯಾಟರಿಯಿಂದ ದೂರದಲ್ಲಿ. ಕಿಡಿ ಬರುವುದು ಕೊನೆಯ ಜೋಡಣೆಯಲ್ಲಿ, ಅದು ಬ್ಯಾಟರಿಯ ಮೇಲೆ ಬರದಿರಲಿ. ತೆಗೆಯುವಾಗ ಹಿಮ್ಮುಖ ಕ್ರಮ.

ಇಳಿಜಾರಿನಲ್ಲಿ ನಿಲ್ಲಿಸಿ, ಬ್ರೇಕ್ ಬಿಟ್ಟು ಗೇರಿಗೆ ಹಾಕಿ ಸ್ಟಾರ್ಟ್ ಮಾಡುವುದು ನಮ್ಮ ಗುಡ್ಡದೂರಿನ ಹಳೇ ವಿದ್ಯೆ. ಎಂಜಿನ್ ಹಿಡಿಯದಿದ್ದರೆ ಸ್ಟೀರಿಂಗ್ ಭಾರ, ಮಳೆಗಾಲದ ಪಾಚಿ ನೆಲದಲ್ಲಿ ಬ್ರೇಕೂ ನಿಲ್ಲದು, ಕೆಳಗೆ ದರೆ. ರೂಢಿ ಮಾಡಿಕೊಳ್ಳಬೇಡಿ.

ಬೈಕು, ಸ್ಪ್ರೇ ಪಂಪು, ಎಲೆಕ್ಟ್ರಿಕ್ ಸ್ಕೂಟರ್

ಬೈಕಿನದು ಸೀಲ್ ಮಾಡಿದ ಸಣ್ಣ ಬ್ಯಾಟರಿ. ಅರ್ಧದಿಂದ ಒಂದು ಆಂಪಿಯರಿನ ಬೈಕ್ ಚಾರ್ಜರ್ ಬೇರೆಯೇ ಸಿಗುತ್ತದೆ. ಬೆನ್ನಿಗೆ ಹಾಕುವ ಬ್ಯಾಟರಿ ಸ್ಪ್ರೇ ಪಂಪಿಗೆ ಅದರದೇ ಚಾರ್ಜರ್ ಬಳಸಿ. ಔಷಧಿ ಹೊಡೆಯುವ ಕೆಲಸ ಮುಗಿದ ಮೇಲೆ ಖಾಲಿ ಬ್ಯಾಟರಿಯಲ್ಲೇ ಮೂಲೆಗೆ ಒಗೆಯುವುದರಿಂದಲೇ ಅವು ಮರುವರ್ಷ ಏಳುವುದಿಲ್ಲ. ಎಲೆಕ್ಟ್ರಿಕ್ ಸ್ಕೂಟರಿನ ಲಿಥಿಯಂ ಬ್ಯಾಟರಿಗೆ ಇಲ್ಲಿ ಹೇಳಿದ್ದು ಯಾವುದೂ ಹೊಂದುವುದಿಲ್ಲ, ಕಂಪನಿ ಕೊಟ್ಟ ಚಾರ್ಜರ್ ಬಿಟ್ಟು ಬೇರೆ ಹಚ್ಚಬಾರದು.

ಆಸಿಡ್ ತಾಗಿದರೆ

ಚರ್ಮಕ್ಕೆ ತಾಗಿದರೆ ಹರಿಯುವ ನೀರಿನಲ್ಲಿ ತೊಳೆಯುತ್ತಲೇ ಇರಿ. ಕಣ್ಣಿಗೆ ಸಿಡಿದರೆ ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ 15 ನಿಮಿಷ ಬರೀ ನೀರು ಬಿಟ್ಟು, ನೇರ ಆಸ್ಪತ್ರೆಗೆ. ಕಣ್ಣಿಗೆ ಸೋಡಾ, ಹಾಲು, ಎಣ್ಣೆ ಯಾವುದೂ ಬೇಡ. ಕೆಲಸ ಶುರು ಮಾಡುವ ಮೊದಲೇ ಒಂದು ಬಕೆಟ್ ನೀರು, ಚೊಂಬು ಪಕ್ಕದಲ್ಲಿಟ್ಟುಕೊಳ್ಳಿ. ಕಣ್ಣು ಮುಚ್ಚಿಕೊಂಡು ಬಾವಿಕಟ್ಟೆ ಹುಡುಕಲು ಆಗುವುದಿಲ್ಲ.

ಗಾಡಿ ಶೆಡ್ ಸೇರುವಾಗ, ಬ್ಯಾಟರಿ ಸತ್ತ ಮೇಲೆ

ನಟ್ಟಿ ಮುಗಿದ ದಿನವೇ ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ ಮೈನಸ್ ಬಿಚ್ಚಿಡಿ, ಅಥವಾ ಕಟ್ ಆಫ್ ಸ್ವಿಚ್ ಹಾಕಿಸಿ. ಆಮೇಲೆ ತಿಂಗಳಿಗೊಮ್ಮೆ ಅಳೆಯಿರಿ, 12.4ಕ್ಕೆ ಇಳಿದಿದ್ದರೆ ಮತ್ತೆ ಚಾರ್ಜರಿಗೆ ಹಾಕಿ. ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವವರಿದ್ದಾರೆ. ಸೆಲ್ಫ್ ಎಳೆದುಕೊಂಡಿದ್ದನ್ನೇ ಆ ಐದು ನಿಮಿಷದಲ್ಲಿ ಡೈನಮೋ ಪೂರ್ತಿ ಮರಳಿ ತುಂಬುವುದು ಕಷ್ಟ. ಓಡಿಸುವುದಾದರೆ ಅರ್ಧ ತಾಸು ಓಡಿಸಿ.

ಸತ್ತ ಬ್ಯಾಟರಿಯನ್ನು ಕೊಟ್ಟಿಗೆಯ ಹಿಂದೆ ಎಸೆಯಬೇಡಿ, ಆಸಿಡನ್ನು ತೋಟದ ಬಸಿಗಾಲುವೆಗೆ ಚೆಲ್ಲಬೇಡಿ. ಒಡೆದ ಬ್ಯಾಟರಿಯ ಸೀಸವನ್ನು ದನ ನೆಕ್ಕುತ್ತವೆ, ಅದು ದನಗಳಿಗೆ ಕೊಲ್ಲುವಂಥ ವಿಷ. ಹೊಸದು ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೇ ಬ್ಯಾಟರಿ ವಾಪಸ್ ಪಡೆದು ವಿಲೇವಾರಿ ಮಾಡಿಸುವ ಹೊಣೆ ತಯಾರಕರ ಮೇಲಿದೆ. ಒಳಗಿನ ಸೀಸಕ್ಕೆ ಬೆಲೆ ಇದೆ, ಬಿಲ್ಲಿನಲ್ಲಿ ಅದನ್ನು ಕಳೆದಿದ್ದಾರೆಯೇ ಎಂದು ಕೇಳಿ ನೋಡಿ.